ಒಡೆಯಲೂ ಬೇಡಿ, ಪಾಲಿಶ್ ಮಾಡಿಸಲೂ ಬೇಡಿ: ದಂಡಿನ ಹಳೆಯ ಸ್ಮಾರಕ ಕಲ್ಲನ್ನು ಏನು ಮಾಡಬೇಕು?

ಪ್ರಶ್ನೆ: "ನಾವು ಬೆಂಗಳೂರಿನ ಹಳೆಯ ದಂಡು (ಕಂಟೋನ್ಮೆಂಟ್) ಪ್ರದೇಶದಲ್ಲಿದ್ದೇವೆ. ನಮ್ಮ ಬೀದಿಯ ಕೊನೆಯ ಪಾರ್ಕಿನ ಮೂಲೆಯಲ್ಲಿ ಆಳೆತ್ತರದ ಕಲ್ಲಿನ ಕಂಬ ಇದೆ. ಅದಕ್ಕೊಂದು ಅಮೃತಶಿಲೆಯ ಫಲಕ. ಬ್ರಿಟಿಷ್ ರೆಜಿಮೆಂಟೊಂದರ ಅಧಿಕಾರಿಗಳು ಕಾಲರಾದಿಂದ ಸತ್ತ ನೆನಪಿಗೆ ಅಂತ ಅವರ ಹೆಸರು ಸಮೇತ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಇಸವಿಯಲ್ಲಿ 187 ಅಂತ ಕಾಣುತ್ತದೆ, ಕೊನೆಯ ಅಂಕಿ ಹೋಗಿದೆ. ಕೆಳಗಿನ ಅರ್ಧಕ್ಕೆ ಯಾರೋ ಹಸಿರು ಆಯಿಲ್ ಪೇಂಟ್ ಬಳಿದಿದ್ದಾರೆ. ಈಗ ರಸ್ತೆ ಅಗಲ ಮಾಡುತ್ತಾರಂತೆ. ನಿವಾಸಿಗಳ ಸಂಘದಲ್ಲಿ ದೊಡ್ಡ ಜಗಳವೇ ಆಗಿದೆ. 'ಗುಲಾಮಗಿರಿಯ ಗುರುತು, ಒಡೆದು ಹಾಕಿ' ಅನ್ನುವವರು ಕೆಲವರು. ಪಾಲಿಶ್ ಹಾಕಿಸಿ ಅಕ್ಷರಕ್ಕೆ ಚಿನ್ನದ ಬಣ್ಣ ಕೊಡಿಸೋಣ ಅನ್ನುವವರು ಇನ್ನು ಕೆಲವರು. ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ಕೊಂಡುಕೊಳ್ಳುತ್ತೇನೆ ಅಂದಿದ್ದಾರೆ. ನೂರು ವರ್ಷ ದಾಟಿದ್ದನ್ನು ಸರ್ಕಾರವೇ ಕಾಯುತ್ತದೆ, ನಾವು ಮುಟ್ಟುವಂತಿಲ್ಲ ಅಂತ ಮತ್ತೊಬ್ಬರು. ನನಗೆ ಉಳಿಸಬೇಕು ಅನ್ನಿಸುತ್ತದೆ, ಯಾಕೆ ಅಂತ ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಉಳಿಸಿಕೊಂಡರೆ ಬ್ರಿಟಿಷರನ್ನು ಹೊಗಳಿದ ಹಾಗೆ ಆಗುತ್ತದಾ? ಪಕ್ಕದಲ್ಲಿ ನಾವೊಂದು ಕನ್ನಡ ಬೋರ್ಡ್ ಹಾಕಬಹುದಾ?"

ಉತ್ತರ: ಜಗಳ ಆಮೇಲೆ, ಮೊದಲು ಒಂದು ಕೆಲಸ ಮಾಡಿ. ಇವತ್ತೇ ಹೋಗಿ ಆ ಕಂಬದ ಫೋಟೊ ತೆಗೆಯಿರಿ. ದೂರದಿಂದ, ಹತ್ತಿರದಿಂದ, ನಾಲ್ಕೂ ಕಡೆಯಿಂದ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಫಲಕ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಬರೆದಿಡಿ, ಮೊಬೈಲಿನಲ್ಲಿ ಆ ಜಾಗದ ಲೊಕೇಶನ್ ಉಳಿಸಿಕೊಳ್ಳಿ. ಜೆಸಿಬಿ ಹೇಳಿ ಕೇಳಿ ಬರುವುದಿಲ್ಲ. ಹಳೆಯ ಕಲ್ಲು, ಫಲಕಗಳ ಸಂರಕ್ಷಣೆಯೇ ನನ್ನ ಕೆಲಸ. ನಾನು ನೋಡಿದ ಮಟ್ಟಿಗೆ ಇಂಥವು ಸಿಟ್ಟಿಗೆ ಬಲಿಯಾಗುವುದು ಕಡಿಮೆ, ಯಾರ ಗಮನಕ್ಕೂ ಬಾರದೆ ಚರಂಡಿ ಕೆಲಸದಲ್ಲೋ ಫುಟ್‌ಪಾತ್ ಕೆಲಸದಲ್ಲೋ ಮಾಯವಾಗುವುದೇ ಜಾಸ್ತಿ.

ಕಾನೂನಿನ ಮಾತು ಬೇಗ ಮುಗಿಸಿಬಿಡೋಣ, ಯಾಕೆಂದರೆ ನಿಮ್ಮ ಸಂಘದಲ್ಲಿ ಅರ್ಧ ಗೊಂದಲ ಇರುವುದೇ ಅಲ್ಲಿ. ನೂರು ವರ್ಷ ಆಯಿತು ಅಂದ ಮಾತ್ರಕ್ಕೆ ಯಾವ ಕಟ್ಟಡಕ್ಕೂ ಕಲ್ಲಿಗೂ ತಾನಾಗಿ ರಕ್ಷಣೆ ಸಿಗುವುದಿಲ್ಲ. ಕೇಂದ್ರದ 1958ರ ಕಾಯ್ದೆ ಇದೆ, ನಮ್ಮ ರಾಜ್ಯದ 1961ರ ಕಾಯ್ದೆ ಇದೆ. ಎರಡರಲ್ಲೂ ಸರ್ಕಾರ ಹೆಸರು ಹಿಡಿದು ಅಧಿಸೂಚನೆ ಹೊರಡಿಸಿದರೆ ಮಾತ್ರ ಅದು ಸಂರಕ್ಷಿತ ಸ್ಮಾರಕ. ಸುತ್ತ 100 ಮೀಟರ್ ಏನೂ ಕಟ್ಟುವಂತಿಲ್ಲ ಅನ್ನುವ ನಿಯಮ ಬರುವುದು ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕಗಳಿಗೆ. ನಿಮ್ಮ ಪಾರ್ಕಿನ ಕಂಬ ಎರಡೂ ಪಟ್ಟಿಯಲ್ಲಿ ಇರುವ ಸಾಧ್ಯತೆ ತೀರಾ ಕಡಿಮೆ. ಅಂದರೆ ಸರ್ಕಾರ ಕಾಯುತ್ತದೆ ಅಂತ ಸುಮ್ನೆ ಕೂತರೆ ಕಂಬ ಉಳಿಯುವುದಿಲ್ಲ.

ಹಾಗಂತ ಅದು ದಿಕ್ಕಿಲ್ಲದ ಮಾಲೂ ಅಲ್ಲ. ಪಾರ್ಕು ಪಾಲಿಕೆಯದಾದರೆ ಕಂಬವೂ ಪಾಲಿಕೆಯದು. ಒಡೆದರೆ ಸಾರ್ವಜನಿಕ ಆಸ್ತಿ ಹಾಳು ಮಾಡಿದ ಹಾಗೆ, ಮಾರಿದರೆ ಕದ್ದು ಮಾರಿದ ಹಾಗೆ. ಜೊತೆಗೆ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಾಸನ, ಕೆತ್ತನೆಗಳು ಪುರಾವಸ್ತುವಿನ ಲೆಕ್ಕಕ್ಕೆ ಬರುತ್ತವೆ. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಆ ವ್ಯಾಪಾರಿಗೆ ನಯವಾಗಿಯೇ ಇಲ್ಲ ಅಂದುಬಿಡಿ. ಅವರು ಬಂದು ನೋಡಿ ಹೋಗಿದ್ದಾರೆ ಅನ್ನುವುದನ್ನು ಪಾಲಿಕೆಗೆ ಬರೆಯುವ ಪತ್ರದಲ್ಲಿ ಸೇರಿಸಿ.

ಇನ್ನು ನಿಮ್ಮ ನಿಜವಾದ ಚಿಂತೆ. ಉಳಿಸಿಕೊಂಡರೆ ಹೊಗಳಿದ ಹಾಗೆ ಆಗುತ್ತದಾ?

ಇಲ್ಲ. ಆದರೆ ಒಡೆಯಿರಿ ಅನ್ನುವವರ ಸಿಟ್ಟನ್ನೂ ತಳ್ಳಿಹಾಕಬೇಡಿ, ಅದಕ್ಕೆ ಕಾರಣವಿದೆ. ದಂಡು ಇಲ್ಲಿಗೆ ಬಂದದ್ದೇ ಗೆದ್ದವರ ಸೈನ್ಯವಾಗಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಗೆದ್ದ ಪಡೆ ಮೊದಲು ಅಲ್ಲೇ ಬೀಡುಬಿಟ್ಟಿತು, ಜ್ವರ ತಡೆಯಲಾಗಲಿಲ್ಲ, 1809ರಲ್ಲಿ ಹಲಸೂರಿನ ಕಡೆಗೆ ಬಂದು ದಂಡು ಕಟ್ಟಿತು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡರು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿ ಕೊಟ್ಟಾಗಲೂ ದಂಡನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅದು ಮೈಸೂರಿಗೆ ವಾಪಸ್ ಬಂದದ್ದು 1947ರಲ್ಲಿ. ಒಂದೇ ಊರಿನಲ್ಲಿ ಪೇಟೆ ಒಂದು ಆಡಳಿತ, ದಂಡು ಇನ್ನೊಂದು ಆಡಳಿತ. ಇಷ್ಟು ದಿನ ಹೀಗೆ ಬದುಕಿದ ಊರಿನಲ್ಲಿ ಇಂಗ್ಲಿಷ್ ಕಲ್ಲು ಕಂಡಾಗ ಒಬ್ಬರಿಗೆ ಸಿಟ್ಟು ಬಂದರೆ ಅದು ಅಜ್ಞಾನವಲ್ಲ.

ತಪ್ಪಾಗುವುದು ಎಲ್ಲಿ ಅಂದರೆ, ಎಲ್ಲ ಕಲ್ಲನ್ನೂ ಒಂದೇ ಅಂದುಕೊಳ್ಳುವಲ್ಲಿ. ದಂಡಿನ ಕಾಲದಲ್ಲಿ ನೆಟ್ಟ ಕಲ್ಲುಗಳಲ್ಲಿ ಕೆಲವು ಗೆಲುವಿನ ಕಲ್ಲು: ಇಲ್ಲಿ ದಾಳಿ ಮಾಡಿದೆವು, ಇಲ್ಲಿ ಗೆದ್ದೆವು ಅನ್ನುವವು. ಕೆಲವು ಅಧಿಕಾರದ ಕಲ್ಲು: ರಾಣಿಯ ಪ್ರತಿಮೆ, ಕಮಿಷನರ ಪ್ರತಿಮೆ, ಇಂಥ ದೊರೆ ಅಡಿಗಲ್ಲು ಹಾಕಿದರು ಅನ್ನುವ ಫಲಕ. ಇನ್ನು ಬಹಳಷ್ಟು ಬರೀ ಸಾವಿನ ಕಲ್ಲು. ನಿಮ್ಮದು ಈ ಕೊನೆಯ ಜಾತಿಯದು.

ಸಾವಿನ ಕಲ್ಲು ದಂಡಿನಲ್ಲಿ ಯಾಕೆ ಇಷ್ಟೊಂದು? ಸತ್ತವರನ್ನು ಊರಿಗೆ ಕಳಿಸುವುದು ಆಗುತ್ತಿರಲಿಲ್ಲ, ಇಲ್ಲೇ ಮಣ್ಣು ಮಾಡುತ್ತಿದ್ದರು. ರೆಜಿಮೆಂಟೋ ಕೆಲವೇ ವರ್ಷಕ್ಕೆ ಇನ್ನೊಂದು ಊರಿಗೆ ವರ್ಗ. ಹೋದ ಮೇಲೆ ಈ ಸತ್ತವರನ್ನು ನೆನೆಯುವವರು ಇಲ್ಲಿ ಯಾರೂ ಇರುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೇ ಹೊರಡುವ ಮುಂಚೆ ತಮ್ಮತಮ್ಮಲ್ಲೇ ಚಂದಾ ಎತ್ತಿ ಒಂದು ಕಲ್ಲು ನೆಟ್ಟು ಹೋಗುತ್ತಿದ್ದರು. ಆ ಕಾಲದ ದಂಡುಗಳಲ್ಲಿ ಯುದ್ಧಕ್ಕಿಂತ ರೋಗಕ್ಕೆ ಸತ್ತವರೇ ಜಾಸ್ತಿ. ಕಾಲರಾ ಬಂದರೆ ಪಡೆಗೆ ಪಡೆಯನ್ನೇ ಬ್ಯಾರಕ್ಕಿನಿಂದ ಎಬ್ಬಿಸಿ ದೂರದ ಬಯಲಿನ ಡೇರೆಗಳಿಗೆ ಸಾಗಿಸುತ್ತಿದ್ದರು. ಕೆಟ್ಟ ಗಾಳಿಯಿಂದ ಬರುತ್ತದೆ ಅಂತಲೇ ಬಹಳ ಜನ ನಂಬಿದ್ದ ಕಾಲ ಅದು. ಕುಡಿಯುವ ನೀರಿನಿಂದ ಹರಡುತ್ತದೆ ಅಂತ ಜಾನ್ ಸ್ನೋ ಲಂಡನ್ನಿನಲ್ಲಿ 1854ರಲ್ಲೇ ತೋರಿಸಿದ್ದರೂ ವೈದ್ಯರು ಪೂರ್ತಿ ಒಪ್ಪಿರಲಿಲ್ಲ. ರಾಬರ್ಟ್ ಕೋಖ್ ರೋಗಾಣುವನ್ನು ಗುರುತಿಸಿದ್ದು 1880ರ ದಶಕದಲ್ಲಿ. ಬೆಂಗಳೂರಿಗೆ ಹೆಸರಘಟ್ಟದ ಕೆರೆಯಿಂದ ಕೊಳವೆ ನೀರು ಬಂದದ್ದು 1890ರ ದಶಕದಲ್ಲಿ. ಈಗ ನಿಮ್ಮ ಫಲಕದ 187 ಅನ್ನುವ ಮೂರು ಅಂಕಿಯನ್ನು ಇದರ ಪಕ್ಕ ಇಟ್ಟು ನೋಡಿ. ಈ ಊರು ಇನ್ನೂ ಕೆರೆ, ಬಾವಿಯ ನೀರು ಕುಡಿಯುತ್ತಿದ್ದ ಕಾಲಕ್ಕೆ ಅದೊಂದು ಸಾಕ್ಷಿ. ಅದು ಬ್ರಿಟಿಷರ ಕಥೆಯಷ್ಟೇ ಅಲ್ಲ, ನಿಮ್ಮ ಬೀದಿಯ ಕಥೆ.

ಇಲ್ಲೊಂದು ಕೊರತೆಯೂ ಇದೆ, ನೀವೇ ಹೋಗಿ ನೋಡಿ. ನಿಮ್ಮ ಫಲಕದಲ್ಲಿ ಅಧಿಕಾರಿಗಳ ಹೆಸರಿದೆ ಅಂದಿರಿ. ಪೇಂಟ್ ಬಿದ್ದಿರುವ ಕೆಳಗಿನ ಸಾಲುಗಳಲ್ಲಿ ಸಾಮಾನ್ಯ ಸಿಪಾಯಿಗಳ ಲೆಕ್ಕ ಬರೀ ಒಂದು ಸಂಖ್ಯೆಯಾಗಿ ಇದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ, ಅಂಥ ಫಲಕಗಳಲ್ಲಿ ಅದೇ ರೂಢಿ. ಪಡೆಯ ಜೊತೆಗಿದ್ದ ನೀರು ಹೊರುವವರು, ಅಡುಗೆಯವರು, ಕುದುರೆ ನೋಡಿಕೊಳ್ಳುವವರು, ಅಗಸರು, ಅವರ ಹೆಂಡತಿ ಮಕ್ಕಳು ಸಾಮಾನ್ಯವಾಗಿ ಸಂಖ್ಯೆಯಾಗಿಯೂ ಬರುವುದಿಲ್ಲ. ಅವರೆಲ್ಲ ಅದೇ ನೀರು ಕುಡಿದವರು. ಮದ್ರಾಸ್ ಕಡೆಯಿಂದ ಪಡೆಯ ಬೆನ್ನಿಗೆ ಬಂದು ಹಲಸೂರಿನ ಸುತ್ತ ನೆಲೆ ನಿಂತವರು ಎಷ್ಟೋ ಜನ, ಇಲ್ಲಿಯವರೂ ಎಷ್ಟೋ ಜನ.

ಇದು ಕಲ್ಲಿಗೇ ಇರುವ ಮಿತಿ ಅಂತೀರಾ? ಅಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲು ಇದೆ, 'ಬೆಂಗಳೂರ ಕಾಳಗ' ಅನ್ನುವ ಮಾತು ಇರುವ ಕಲ್ಲು, ಈ ಊರಿನ ಹೆಸರಿಗೆ ಸಿಕ್ಕಿರುವ ಬಹಳ ಹಳೆಯ ಸಾಕ್ಷಿ. ನಮ್ಮ ನಾಡಿನ ವೀರಗಲ್ಲುಗಳಲ್ಲಿ ದನ ಬಿಡಿಸಲು ಹೋಗಿ ಸತ್ತವನಿಗೂ ಹೆಸರಿದೆ, ಹುಲಿಯ ಜೊತೆ ಹೋರಾಡಿ ಸತ್ತವನಿಗೂ ಹೆಸರಿದೆ. ರಾಜನೇ ಆಗಬೇಕಿಲ್ಲ. ಸತ್ತವರಿಗೆ ಕಲ್ಲು ನೆಡುವುದು ನಮಗೇನೂ ಪರದೇಶದ ಪದ್ಧತಿಯಲ್ಲ. ಒಡೆಯಿರಿ ಅನ್ನುವ ನಿಮ್ಮ ಗೆಳೆಯರಿಗೆ ಇದನ್ನು ಹೇಳಿ, ಕೇಳಿಸಿಕೊಳ್ಳುತ್ತಾರೆ.

ಇನ್ನೊಂದು ನಂಬಿಕೆ: ಕಲ್ಲಿನಲ್ಲಿ ಕೆತ್ತಿದ್ದಾರೆ ಅಂದ ಮೇಲೆ ಅದು ನಿಜ. ಇದನ್ನು ಉಳಿಸಿ ಅನ್ನುವವರೂ ನಂಬುತ್ತಾರೆ, ಒಡೆಯಿರಿ ಅನ್ನುವವರೂ ನಂಬುತ್ತಾರೆ. ನನ್ನ ಅನುಭವ ಬೇರೆ. ಕಲ್ಲು ಆ ಘಟನೆಯ ಬಗ್ಗೆ ಹೇಳುವುದಕ್ಕಿಂತ ಅದನ್ನು ನೆಟ್ಟವರ ಬಗ್ಗೆ ಹೇಳುವುದೇ ಜಾಸ್ತಿ. ಅದಕ್ಕೇ ಪ್ರತಿ ಸ್ಮಾರಕದಲ್ಲೂ ಎರಡು ಇಸವಿ ಹುಡುಕಬೇಕು, ಘಟನೆ ಯಾವಾಗ, ಕಲ್ಲು ಯಾವಾಗ. ಶ್ರೀರಂಗಪಟ್ಟಣದ ಕೋಟೆ ಗೋಡೆ ಒಡೆದು ಬ್ರಿಟಿಷರು ಒಳನುಗ್ಗಿದ ಜಾಗದ ಹತ್ತಿರ ಎತ್ತರದ ಕಂಬವೊಂದಿದೆ, ಆ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಕಡೆಯವರ ನೆನಪಿಗೆ. ಯುದ್ಧ ನಡೆದದ್ದು 1799ರಲ್ಲಿ. ಕಂಬ ಎದ್ದದ್ದು 1907ರಲ್ಲಿ. ನಿಲ್ಲಿಸಿದ್ದು ಬ್ರಿಟಿಷರಲ್ಲ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸರ್ಕಾರ. ಒಡೆಯರ ಮನೆತನಕ್ಕೆ ಗದ್ದುಗೆ ಮರಳಿ ಸಿಕ್ಕಿದ್ದೇ ಆ 1799ರ ಯುದ್ಧದಿಂದ. ಇಷ್ಟು ಗೊತ್ತಾದ ಮೇಲೆ ಆ ಕಂಬವನ್ನು ಯಾರೂ ಮೊದಲಿನ ಹಾಗೆ ನೋಡಲಾರರು. ಅದೇ ಊರಿನಲ್ಲಿ ಟಿಪ್ಪುವಿನ ದೇಹ ಸಿಕ್ಕ ಜಾಗದಲ್ಲೂ ಒಂದು ಕಲ್ಲಿದೆ, ಒಂದೇ ಸಾಲಿನದು. ಎರಡನ್ನೂ ನೋಡಿದವರಿಗೆ ಶ್ರೀರಂಗಪಟ್ಟಣ ಅರ್ಥವಾಗುತ್ತದೆ, ಒಂದನ್ನು ಕಿತ್ತರೆ ಅರ್ಧ ಮಾತ್ರ ಉಳಿಯುತ್ತದೆ.

ಬೆಂಗಳೂರಿನಲ್ಲೇ ಬೇಕಾದರೆ ಕೆ.ಆರ್. ಮಾರ್ಕೆಟ್ ಹತ್ತಿರದ ಕೋಟೆಗೆ ಹೋಗಿ. ಗೋಡೆಯಲ್ಲೊಂದು ಫಲಕವಿದೆ. 1791ರ ಮಾರ್ಚ್ 21ರಂದು ಈ ಬಿರುಕಿನ ಮೂಲಕ ಬ್ರಿಟಿಷ್ ದಾಳಿ ನಡೆಯಿತು ಅಂತ ಇಂಗ್ಲಿಷಿನಲ್ಲಿ ಬರೆದಿದೆ, ಅಷ್ಟೇ. ಯಾರ ಮೇಲೆ ದಾಳಿ? ಒಳಗೆ ಯಾರಿದ್ದರು? ಒಂದಕ್ಷರ ಇಲ್ಲ. ಒಳಗಿದ್ದದ್ದು ಟಿಪ್ಪುವಿನ ಕಿಲ್ಲೇದಾರ, ಅಂದರೆ ಕೋಟೆಯ ಮುಖ್ಯಸ್ಥ, ಬಹಾದುರ್ ಖಾನ್. ವಯಸ್ಸಾಗಿದ್ದ ಆತ ಅವತ್ತು ರಾತ್ರಿ ಕೋಟೆ ಕಾಯುತ್ತಲೇ ಸತ್ತ. ಆ ಫಲಕದ ಮುಂದೆ ದಿನಾ ಸಾವಿರಾರು ಜನ ಬಸ್ಸಿಗೆ ಓಡುತ್ತಾರೆ. ಅವನ ಹೆಸರು ಹೇಳುವ ಒಂದು ಸಾಲು ಆ ಫಲಕದ ಪಕ್ಕದಲ್ಲೇ ಇರಬೇಕು ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಫಲಕ ಕಿತ್ತರೆ ಅವನ ಹೆಸರು ಹೇಳುವ ಜಾಗವೂ ಹೋಗುತ್ತದೆ, ನೆನಪಿಡಿ.

ಇದು ಬರೀ ಊಹೆಯಲ್ಲ, ಒಮ್ಮೆ ಆಗಿಹೋಗಿದೆ. ಈಗ ಪಾಲಿಕೆ ಕಚೇರಿಯ ಎದುರು ಕೆಂಪೇಗೌಡರ ಪ್ರತಿಮೆ ಇದೆಯಲ್ಲ, ಆ ಹಡ್ಸನ್ ಸರ್ಕಲ್ಲಿನ ಕಡೆ 1791ರ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಕಡೆಯವರ ದೊಡ್ಡ ಸ್ಮಾರಕ ಕಂಬ ಇತ್ತು. ಸೆನೊಟಾಫ್ ಅನ್ನುತ್ತಿದ್ದರು. ಇವತ್ತಿನ ನೃಪತುಂಗ ರಸ್ತೆಗೆ ಆಗ ಸೆನೊಟಾಫ್ ರಸ್ತೆ ಅಂತಲೇ ಹೆಸರು. ಕನ್ನಡ ಹೋರಾಟಗಾರರ ಒತ್ತಾಯದ ಮೇಲೆ 1964ರಲ್ಲಿ ಅದನ್ನು ಕೆಡವಿದರು. ಕೆಂಪೇಗೌಡರ ಪ್ರತಿಮೆ ಆ ಜಾಗಕ್ಕೆ ಬಂದದ್ದು ಸರಿಯೇ, ಊರು ಕಟ್ಟಿದವರು ಅಲ್ವಾ. ಆದರೆ ಇವತ್ತು ಅಲ್ಲಿ ನಿಂತು ಕೇಳಿ, 1791ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಈ ಊರನ್ನು ಮುತ್ತಿದ, ಪೇಟೆಯವರು, ಕೋಟೆಯವರು ಹೋರಾಡಿದರು ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಶತ್ರುವಿನ ಕಲ್ಲಿನ ಜೊತೆ ನಮ್ಮವರ ಹೋರಾಟದ ಗುರುತೂ ಹೋಯಿತು. ಕಂಬ ಕೆಡವಿದ ಮೇಲೆ ಅಲ್ಲಿ ಯಾರೂ ಬಹಾದುರ್ ಖಾನನ ಹೆಸರು ಕೆತ್ತಲಿಲ್ಲ.

ಸ್ಥಳ ಬದಲಿಸುವುದು ಇನ್ನೊಂದು ದಾರಿ. ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನನ ಕುದುರೆ ಸವಾರಿ ಪ್ರತಿಮೆ ಮಾರೊಕೆಟ್ಟಿ ಅನ್ನುವ ಶಿಲ್ಪಿಯದು, 1866ರದ್ದು. ಬಹಳ ವರ್ಷ ಅಠಾರಾ ಕಚೇರಿಯ, ಅಂದರೆ ಹೈಕೋರ್ಟಿನ ಆವರಣದಲ್ಲಿತ್ತು. 2020ರಲ್ಲಿ ಅದನ್ನು ಎತ್ತಿ ಕಬ್ಬನ್ ಪಾರ್ಕಿನ ಒಳಗೆ ಇಟ್ಟರು. ಪ್ರತಿಮೆಗೆ ಏನೂ ಆಗಲಿಲ್ಲ. ಅವನು ಆಡಳಿತ ನಡೆಸಿದವನು, ಕಚೇರಿಯ ಮುಂದೆ ಇದ್ದಾಗ ಅದು ತಾನಾಗಿ ಗೊತ್ತಾಗುತ್ತಿತ್ತು, ಈಗ ಹೇಳಿ ತಿಳಿಸಬೇಕು. ಪ್ರತಿಮೆಗಾದರೆ ಈ ನಷ್ಟ ತಡೆದುಕೊಳ್ಳಬಹುದು. ಸಾವಿನ ಕಲ್ಲಿಗೆ ಜಾಗವೇ ಮುಖ್ಯ, ಬ್ಯಾರಕ್ ಎಲ್ಲಿತ್ತು, ಆಸ್ಪತ್ರೆ ಎಲ್ಲಿತ್ತು ಅನ್ನುವುದಕ್ಕೆ ಕೆಲವು ಸಲ ಅದೊಂದೇ ಸುಳಿವು.

ಎಲ್ಲವೂ ಬಿಳಿಯರ ಗುರುತೇ ಅನ್ನುವ ಮಾತು ಬಂದರೆ ಇಷ್ಟು ಹೇಳಿ. ಜೆ.ಸಿ. ನಗರದ ಕಡೆ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಮೈಸೂರಿನ ಕುದುರೆ ಪಡೆಯ ಸತ್ತವರಿಗೆ ನಿಲ್ಲಿಸಿದ್ದು. ಬ್ರಿಗೇಡ್ ರಸ್ತೆಯ ತುದಿಯಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯ ಸ್ಮಾರಕ ಇದೆ, ಅಂಗಡಿಗಳ ಗಲಾಟೆಯಲ್ಲಿ ಕಣ್ಣಿಗೇ ಬೀಳುವುದಿಲ್ಲ. ಹೋರಾಡಿದ್ದು ಸಾಮ್ರಾಜ್ಯಕ್ಕಾಗಿ, ಸರಿ. ಸತ್ತವರು ನಮ್ಮ ಮನೆಯವರು.

ಈಗ ಕಲ್ಲಿನ ಆರೋಗ್ಯ. ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಒಡೆಯುವವರಿಗಿಂತ ಪ್ರೀತಿಯಿಂದ ತಿಕ್ಕುವವರು ಮಾಡುವ ಹಾನಿ ದೊಡ್ಡದು.

ಪಾಲಿಶ್ ಬೇಡವೇ ಬೇಡ. ಅಮೃತಶಿಲೆಯಲ್ಲಿ ಕೆತ್ತಿದ ಅಕ್ಷರದ ಆಳ ಕೆಲವೇ ಮಿಲಿಮೀಟರ್. ನೂರೈವತ್ತು ವರ್ಷದ ಮಳೆಗೆ ಅದರಲ್ಲೂ ಸ್ವಲ್ಪ ಸವೆದಿರುತ್ತದೆ. ಮೆಷಿನ್ ಹಾಕಿದರೆ ಮೇಲ್ಮೈ ಹೊಳೆಯುತ್ತದೆ, ಅಕ್ಷರ ಹೋಗುತ್ತದೆ. ಆಸಿಡ್ ಹತ್ತಿರಕ್ಕೂ ತರಬೇಡಿ. ಬಾತ್‌ರೂಮ್ ತೊಳೆಯುವ ಆಸಿಡ್ ಅಮೃತಶಿಲೆಗೆ ತಾಗಿದರೆ ಬುರುಬುರು ನೊರೆ ಬರುತ್ತದಲ್ಲ, ಅದು ಕೊಳೆ ಹೋಗುತ್ತಿರುವುದಲ್ಲ, ಕಲ್ಲೇ ಕರಗುತ್ತಿರುವುದು. ತಂತಿ ಬ್ರಷ್, ಮರಳು ಕಾಗದ, ಜೋರು ಪ್ರೆಷರ್ ನೀರು, ಬ್ಲೀಚಿಂಗ್ ಪೌಡರ್ ಯಾವುದೂ ಬೇಡ. ಅಕ್ಷರ ಎದ್ದು ಕಾಣಲಿ ಅಂತ ಸೀಮೆಸುಣ್ಣ, ವಿಭೂತಿ, ಎಣ್ಣೆ ಹಚ್ಚುವುದೂ ಬೇಡ. ಎಣ್ಣೆ ಒಳಗೆ ಇಳಿದರೆ ಕಲೆ ಹೋಗುವುದೇ ಇಲ್ಲ.

ಸಂಘದವರು ಮಾಡಬಹುದಾದ್ದು ಇಷ್ಟು: ಶುದ್ಧ ನೀರು, ಮೆತ್ತನೆಯ ಬ್ರಷ್, ತಾಳ್ಮೆ. ಮೊದಲು ಕಲ್ಲನ್ನು ಚೆನ್ನಾಗಿ ನೆನೆಸಿ, ಕೆಳಗಿನಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ತೊಳೆಯುತ್ತಾ ಹೋಗಿ, ಹಾಗೆ ಮಾಡಿದರೆ ಕೊಳೆ ನೀರಿನ ಗೆರೆ ಕೂರುವುದಿಲ್ಲ. ಎಲ್ಲಾದರೂ ಕಲ್ಲು ಸಕ್ಕರೆಯ ಹಾಗೆ ಪುಡಿ ಉದುರಿದರೆ ಅಲ್ಲಿಗೇ ನಿಲ್ಲಿಸಿ. ಹಸಿರು ಪೇಂಟನ್ನು ಕೆರೆಯಬೇಡಿ. ಅದನ್ನು ತೆಗೆಯಲು ದ್ರಾವಕವನ್ನು ಹಿಟ್ಟಿನ ಹಾಗೆ ಕಲಸಿ ಹಚ್ಚಿ, ಮುಚ್ಚಿಟ್ಟು, ಮೆಲ್ಲಗೆ ಎತ್ತುವ ವಿಧಾನವಿದೆ, ತಿಳಿದವರೇ ಮಾಡಬೇಕು. ಆಯಿಲ್ ಪೇಂಟ್ ಕಲ್ಲಿನೊಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ, ಅದರಿಂದ ಒಳಗೇ ಉಪ್ಪು ಕಟ್ಟಿ ಪದರ ಎದ್ದುಬರುತ್ತದೆ. ಹಾಗಾಗಿ ಅದನ್ನು ತೆಗೆಸಲೇಬೇಕು, ಅವಸರ ಮಾತ್ರ ಬೇಡ.

ಫಲಕದ ಸುತ್ತ ಬಿರುಕಿದ್ದರೆ ಸಿಮೆಂಟ್ ತುಂಬಿಸಬೇಡಿ. ಸಿಮೆಂಟು ಹಳೆಯ ಗಾರೆಗಿಂತ ಗಟ್ಟಿ, ನೀರನ್ನೂ ಬಿಡುವುದಿಲ್ಲ, ಹಾಗಾಗಿ ಒತ್ತಡವೆಲ್ಲ ಫಲಕದ ಅಂಚಿಗೆ ಬಿದ್ದು ಅಂಚು ಒಡೆಯುತ್ತದೆ. ಸುಣ್ಣದ ಗಾರೆಯೇ ಸರಿ. ನಾಲ್ಕು ಮೂಲೆಯಲ್ಲಿ ಕೆಂಪು ಕಲೆ ಕಂಡರೆ ಒಳಗೆ ಕಬ್ಬಿಣದ ಮೊಳೆ ಇದೆ ಅಂತ ಅರ್ಥ. ಕಬ್ಬಿಣ ತುಕ್ಕು ಹಿಡಿದಾಗ ಊದಿಕೊಳ್ಳುತ್ತದೆ, ಕಲ್ಲನ್ನು ಒಳಗಿನಿಂದ ಸೀಳುತ್ತದೆ. ಇದನ್ನು ಸಂರಕ್ಷಕರಿಗೆ ತೋರಿಸಲೇಬೇಕು.

ಆ ಹೋಗಿರುವ ಕೊನೆಯ ಅಂಕಿಗೆ ಒಂದು ಉಪಾಯ ಇದೆ. ಆ ಕಾಲದ ಎಷ್ಟೋ ಫಲಕಗಳಲ್ಲಿ ಅಕ್ಷರ ಕೊರೆದು ಅದರೊಳಗೆ ಸೀಸವನ್ನು ಬಡಿದು ತುಂಬುತ್ತಿದ್ದರು. ಸೀಸ ಕಚ್ಚಿಕೊಳ್ಳಲಿ ಅಂತ ಅಕ್ಷರದ ಗುಂಟ ಸಣ್ಣ ಸಣ್ಣ ತೂತು ಕೊರೆದಿರುತ್ತಿದ್ದರು. ಸೀಸ ಉದುರಿಹೋದರೂ ಆ ತೂತುಗಳು ಉಳಿದಿರುತ್ತವೆ. ರಾತ್ರಿ ಒಂದು ಟಾರ್ಚ್ ತಗೊಂಡು ಹೋಗಿ, ಫಲಕಕ್ಕೆ ನೇರವಾಗಿ ಬಿಡದೆ ಪಕ್ಕದಿಂದ, ಕಲ್ಲಿಗೆ ಒರಗಿದ ಹಾಗೆ ಬೆಳಕು ಬಿಡಿ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮೇಲಿನಿಂದ, ಕೆಳಗಿನಿಂದ, ಪ್ರತಿ ಸಲ ಫೋಟೊ. ಹಗಲಿನಲ್ಲಿ ಬೋಳಾಗಿ ಕಂಡ ಜಾಗದಲ್ಲಿ ಅಕ್ಷರದ ನೆರಳು ಏಳುತ್ತದೆ. ತೂತುಗಳನ್ನು ಸೇರಿಸುತ್ತಾ ಹೋದರೆ ಅದು 4ರ ಕಡ್ಡಿಯೋ, 7ರ ಓರೆಗೆರೆಯೋ, 8ರ ಸುತ್ತೋ ಅಂತ ಬಹಳ ಸಲ ತಿಳಿಯುತ್ತದೆ. ಪೇಂಟಿನ ಅಡಿಯ ಸಾಲುಗಳೂ ಹೀಗೆ ಓದಲು ಸಿಕ್ಕಾವು.

ಇಸವಿ ಸಿಕ್ಕರೆ ಉಳಿದ ದಾರಿ ತೆರೆಯುತ್ತದೆ. ಮದ್ರಾಸ್ ಪ್ರಾಂತ್ಯದ ಚರ್ಚುಗಳ ಸಾವಿನ ದಾಖಲೆಯ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಧಿಕಾರಿಗಳ ಹೆಸರು ಅಲ್ಲಿ ತಾಳೆ ನೋಡಬಹುದು. ನಮ್ಮವರ ಬಗ್ಗೆ ಬೇಕಾದರೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ, ಆ ವರ್ಷದ ಮೈಸೂರು ಆಡಳಿತ ವರದಿ ಕೇಳಿ. ಕಾಲರಾದ ಲೆಕ್ಕವನ್ನು ಅಂಥ ವರದಿಗಳಲ್ಲೇ ಹುಡುಕಬೇಕು. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ದೊಡ್ಡ ಕೆಲಸ ಮಾಡಿದ್ದಾರೆ. ಅವರದು ಹೆಚ್ಚಾಗಿ ಕನ್ನಡ ಮತ್ತು ಹಳೆಯ ಶಾಸನಗಳ ಕೆಲಸ, ಆದರೂ ಸಲಹೆ ಕೇಳುವುದರಲ್ಲಿ ತಪ್ಪೇನಿದೆ. ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕಕ್ಕೂ ಬರೆಯಿರಿ, ಕಲ್ಲಿನ ಕೆಲಸ ಬಲ್ಲ ಸಂರಕ್ಷಕರ ಪರಿಚಯ ಅವರಿಗಿರುತ್ತದೆ.

ಇನ್ನು ತೀರ್ಮಾನ. ನಿಮ್ಮ ಮುಂದೆ ಇರುವ ದಾರಿಗಳಲ್ಲಿ ನಾನು ಹೇಳುವುದು ಇದನ್ನೇ: ಕಂಬ ಇರುವಲ್ಲೇ ಇರಲಿ, ಪಕ್ಕದಲ್ಲಿ ನಿಮ್ಮ ಬೋರ್ಡ್ ಬರಲಿ. ಪಾಲಿಕೆಯ ಎಂಜಿನಿಯರಿಗೆ ಬಾಯಿ ಮಾತಲ್ಲಿ ಹೇಳಬೇಡಿ, ಫೋಟೊ ಸಮೇತ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ರಾಜ್ಯ ಪುರಾತತ್ವ ಇಲಾಖೆಯ ಆಯುಕ್ತರಿಗೆ. ರಸ್ತೆಯ ನಕ್ಷೆಯಲ್ಲಿ ಕಂಬ ಎಲ್ಲಿ ಬೀಳುತ್ತದೆ ಅ‌ಂತ ಜಂಟಿಯಾಗಿ ಬಂದು ನೋಡಿ ಅಂತ ಕೇಳಿ. ನಿಮ್ಮ ಕಂಬ ಪಾರ್ಕಿನ ಮೂಲೆಯಲ್ಲಿದೆ, ಫುಟ್‌ಪಾತ್ ಸ್ವಲ್ಪ ಬಳಸಿ ಹೋದರೆ ಕಂಬ ಉಳಿಯಬಹುದು. ಕೆಲಸ ಶುರುವಾಗುವ ಮುಂಚೆ ಕೇಳಿದರೆ ಇಂಥದ್ದಕ್ಕೆ ಎಂಜಿನಿಯರುಗಳು ಒಪ್ಪುವುದುಂಟು, ಟೆಂಡರ್ ಆಗಿ ಗುಂಡಿ ತೋಡಿದ ಮೇಲೆ ಯಾರ ಕೈಯಲ್ಲೂ ಇರುವುದಿಲ್ಲ.

ಸರಿಸಲೇಬೇಕಾದರೆ ಅದೇ ಪಾರ್ಕಿನೊಳಗೆ ಕೆಲವೇ ಅಡಿ ಸರಿಸಲಿ, ಮುಖ ಅದೇ ದಿಕ್ಕಿಗೆ ಇರಲಿ. ಬಿಚ್ಚುವಾಗ ಬ್ರೇಕರ್ ಮೆಷಿನ್ ಬೇಡ, ಕೈ ಉಳಿಯಿಂದ ಗಾರೆಯನ್ನು ಮಾತ್ರ ಬಿಡಿಸಬೇಕು. ಪ್ರತಿ ಕಲ್ಲಿಗೂ ಹಿಂಭಾಗದಲ್ಲಿ ನಂಬರ್. ಅಮೃತಶಿಲೆಯ ಫಲಕವನ್ನು ಮಲಗಿಸಿ ಸಾಗಿಸಿದರೆ ತನ್ನ ಭಾರಕ್ಕೇ ನಡುವೆ ಮುರಿಯುತ್ತದೆ, ನಿಲ್ಲಿಸಿಯೇ ಸಾಗಿಸಬೇಕು. ಮ್ಯೂಸಿಯಂಗೆ ಕೊಡುವುದು ಕೊನೆಯ ದಾರಿ. ಕಳ್ಳತನದ ಭಯ ನಿಜಕ್ಕೂ ಇದ್ದರೆ ಮಾತ್ರ. ಗೋದಾಮು ಸೇರಿದ ಫಲಕವನ್ನು ನಿಮ್ಮ ಬೀದಿಯ ಮಕ್ಕಳು ನೋಡುವುದು ಕಷ್ಟ.

ಬೋರ್ಡಿಗೂ ಅದರದೇ ಅಪಾಯಗಳಿವೆ. ಕೊಟ್ಟವರ ಹೆಸರು ವಿಷಯಕ್ಕಿಂತ ದೊಡ್ಡದಾಗುವುದು ಒಂದು. ಕೇಳಿದ ಕಥೆಯನ್ನು ಇತಿಹಾಸ ಅಂತ ಬರೆಯುವುದು ಇನ್ನೊಂದು. ಸಿಟ್ಟಿನಲ್ಲಿ ಬರೆದ ಬೋರ್ಡನ್ನು ಮುಂದಿನವರು ಸಿಟ್ಟಿನಲ್ಲೇ ಕೀಳುತ್ತಾರೆ. ಹಳೆಯ ಫಲಕದ ಮೇಲೆ ಏನನ್ನೂ ಅಂಟಿಸಬೇಡಿ, ಕಂಬಕ್ಕೆ ತೂತು ಕೊರೆಯಬೇಡಿ, ಒಂದೆರಡು ಅಡಿ ದೂರದಲ್ಲಿ ಬೇರೆಯೇ ಕಲ್ಲು ನೆಡಿ. ಸ್ಥಳೀಯ ಗ್ರಾನೈಟ್ ಸಾಕು, ಅಕ್ಷರ ಕೆತ್ತಿಸಿ, ಫ್ಲೆಕ್ಸ್ ಬೇಡ. ಮೊದಲು ಕನ್ನಡ. ನಿಮ್ಮ ಬೀದಿಯಲ್ಲಿ ತಮಿಳು, ಉರ್ದು ಮಾತಾಡುವ ಹಳೆಯ ಮನೆಗಳಿದ್ದರೆ ಅವರನ್ನೂ ಕೂರಿಸಿಕೊಂಡು ಬರೆಯಿರಿ, ಹೆಸರಿಲ್ಲದೆ ಸತ್ತವರಲ್ಲಿ ಅವರ ಹಿರಿಯರೂ ಇದ್ದಿರಬಹುದು.

ನಾನಾದರೆ ಹೀಗೆ ಬರೆಯುತ್ತಿದ್ದೆ, ಇಸವಿ ಮತ್ತು ಲೆಕ್ಕವನ್ನು ನೀವು ದಾಖಲೆ ನೋಡಿ ತುಂಬಿಕೊಳ್ಳಿ:

"ಪಕ್ಕದ ಕಂಬವನ್ನು ಇಂಥ ಇಸವಿಯಲ್ಲಿ ಬೆಂಗಳೂರು ದಂಡಿನಲ್ಲಿದ್ದ ಬ್ರಿಟಿಷ್ ರೆಜಿಮೆಂಟೊಂದು ನಿಲ್ಲಿಸಿತು. ಕಾಲರಾದಿಂದ ಸತ್ತ ಅದರ ಅಧಿಕಾರಿಗಳ ಹೆಸರುಗಳು ಇದರಲ್ಲಿವೆ. ಆಗ ಈ ಊರು ಕೆರೆ, ಬಾವಿಗಳ ನೀರು ಕುಡಿಯುತ್ತಿತ್ತು. ಅದೇ ವರ್ಷ ಅದೇ ರೋಗಕ್ಕೆ ದಂಡಿನಲ್ಲೂ ಪೇಟೆಯಲ್ಲೂ ಸತ್ತ ಊರವರು ಇಷ್ಟು ಜನ ಎಂದು ಸರ್ಕಾರಿ ವರದಿ ಹೇಳುತ್ತದೆ. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಈ ಕಲ್ಲು ಅವರಿಗಾಗಿ. ನೆಟ್ಟವರು ಈ ಬೀದಿಯ ನಿವಾಸಿಗಳು, ಇಂಥ ಇಸವಿ."

ಕೊನೆಯ ಆ ಇಸವಿಯನ್ನು ಮರೆಯಬೇಡಿ, ಮುಂದೆ ಓದುವವರಿಗೆ ನೀವು ಯಾವ ಕಾಲದಲ್ಲಿ ನಿಂತು ಇದನ್ನು ಹೇಳಿದಿರಿ ಅಂತ ಗೊತ್ತಾಗಬೇಕು. ದಾಖಲೆಯಲ್ಲಿ ಸಂಖ್ಯೆ ಸಿಗದಿದ್ದರೆ ಆ ಸಾಲನ್ನು ಬಿಟ್ಟುಬಿಡಿ, ಅಂದಾಜು ಹಾಕಬೇಡಿ. ಕೆತ್ತಿಸುವ ಮುಂಚೆ ಕರಡನ್ನು ಸಂಘದ ಎರಡೂ ಗುಂಪಿನವರಿಗೆ ಓದಿಸಿ ಸಹಿ ಹಾಕಿಸಿಕೊಳ್ಳಿ. ಒಂದು ಪ್ರತಿ ಪಾಲಿಕೆಗೆ, ಒಂದು ಹತ್ತಿರದ ಸರ್ಕಾರಿ ಶಾಲೆಗೆ ಕೊಡಿ.